ಆಯಿಯ ಗಿಣಿ ಚಹಾ ಕುಡಿಯುತ್ತಿತ್ತು

ಹಿಂಗಾರಿ ಜೋಳ ಹಾಲುದುಂಬುವ ಹೊತ್ತಿನಲ್ಲಿ ಸಂಪಗಾಂವದಿಂದ ಬೈಲಹೊಂಗಲದ ಕಡೆಗೆ ಬೆಳಿಗ್ಗೆ ಬೈಕ್ ಮೇಲೆ ಬಂದರೆ ರಸ್ತೆಯ ಎರಡೂ ಬದಿಯ ಎರಿಹೊಲಗಳಲ್ಲಿ ಎರಡೇ ಸದ್ದು. ಒಂದು ಗಿಣಿ ಹಿಂಡಿನ ಕಿರುಚಾಟ, ಇನ್ನೊಂದು ಅದನ್ನು ಓಡಿಸುವ ಡಬ್ಬಿಯ ಸಪ್ಪಳ. ಗಿಣಿ ಗುಬ್ಬಿಯಂತೆ ಕಾಳು ಹೆಕ್ಕಿಕೊಂಡು ಸುಮ್ಮನೆ ಹೋಗುವುದಿಲ್ಲ. ತೆನಿ ಕಚ್ಚುತ್ತದೆ, ನಾಲ್ಕು ಕಾಳು ಸುಲಿಯುತ್ತದೆ, ಉಳಿದದ್ದನ್ನು ನೆಲಕ್ಕೆ ಚೆಲ್ಲಿ ಮುಂದಿನ ತೆನಿಗೆ ಹಾರುತ್ತದೆ. ಸೂರ್ಯಕಾಂತಿ ಹೊಲಕ್ಕೆ ಇಳಿದರಂತೂ ಕೇಳುವುದೇ ಬೇಡ. ಹಕ್ಕಿ ಕಾಯಲು ಮಂಚಿಕೆ ಏರಿ ಕವಣಿ ಬೀಸುವ ರೈತನ ಬಾಯಿಂದ ಆಗ ಬರುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಸೋಜಿಗವೆಂದರೆ, ಅದೇ ರೈತ ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ತೂಗುಹಾಕಿದ ಪಂಜರದ ಮುಂದೆ ನಿಂತು ‘ರಾಮಾ, ಉಂಡಿ ಏನ?’ ಎಂದು ಕೇಳುತ್ತಿದ್ದ. ನಾನು ಹೇಳುತ್ತಿರುವುದು ಮೂವತ್ತೈದು ವರ್ಷದ ಹಿಂದಿನ ಮಾತು. ನಮ್ಮ ಮನೆಯಲ್ಲೂ ಒಂದು ರಾಮ ಇತ್ತು. ಆಯಿಯ ಚಂದ್ರಕಾಳಿ ಸೀರೆಯ ಸೆರಗಿನ ಕಸೂತಿಯಲ್ಲಿ ಸಾಲಾಗಿ ಗಿಣಿಗಳಿದ್ದವು, ಮನೆಯ ಜಂತಿಗೆ ಒಂದು ಜೀವಂತ ಗಿಣಿ. ಆಯಿಗೆ ಅದು ಹತ್ತನೆಯ ಮೊಮ್ಮಗ. ನಾವು ತಿಂದದ್ದನ್ನೆಲ್ಲ ಅದೂ ತಿನ್ನಬೇಕು. ಚುರಮುರಿ, ಬೆಲ್ಲ, ಹಾಲಲ್ಲಿ ನೆನೆಸಿದ ಪಾವು, ಶನಿವಾರ ಸಂತೆಯಿಂದ ತಂದ ಮಿರ್ಚಿ ಭಜಿಯ ತುದಿ. ಸಂಜೆ ಎಲ್ಲರೂ ಚಹಾ ಹಿಡಿದು ಕುಳಿತರೆ ಆಯಿಯ ಮಾತು ಇದ್ದೇ ಇರುತ್ತಿತ್ತು: ‘ಏ ತಮ್ಮಾ, ಅದಕೂ ಒಂದೀಟು ಚಾ ಹಾಕು, ನಮ್ಮ ಬಾಯಿನ ನೋಡಾಕತ್ತೈತಿ.’

ರಾಮ ಚಹಾ ಕುಡಿಯುತ್ತಿತ್ತು. ಐದೋ ಆರೋ ವರ್ಷ ಬದುಕಿತು. ಕೊನೆಯ ತಿಂಗಳುಗಳಲ್ಲಿ ಮೂಗಿನ ಮೇಲೆ ಗಂಟು ಕಟ್ಟಿ, ಕಣ್ಣು ಊದಿ, ಉಸಿರಿಗೊಮ್ಮೆ ಬಾಲ ಕುಣಿಸುತ್ತಿತ್ತು. ದೃಷ್ಟಿ ತಾಗಿದೆ ಎಂದು ಆಯಿ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಇದೇ ಜಾತಿಯ ಗಿಣಿ ಸರಿಯಾಗಿ ಸಾಕಿದರೆ ಇಪ್ಪತ್ತೈದು ವರ್ಷ ಬಾಳುತ್ತದೆ ಎನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ.

ರಾಮನಿಗೆ ಏನಾಗಿತ್ತು ಎಂದು ಈಗ ಊಹಿಸಬಲ್ಲೆ. ಬರೀ ಕಾಳು, ಪಾವು, ಕರಿದದ್ದು ತಿಂದು ಬೆಳೆಯುವ ಗಿಣಿಗಳಿಗೆ ಎ ಜೀವಸತ್ವದ ಕೊರತೆ ಕಟ್ಟಿಟ್ಟದ್ದು. ಮೂಗು, ಬಾಯಿ, ಶ್ವಾಸನಾಳದ ಒಳಪೊರೆ ಒರಟಾಗಿ ದಪ್ಪಗಾಗುತ್ತದೆ, ಅಲ್ಲಿ ಸೋಂಕು ಸುಲಭವಾಗಿ ಕೂರುತ್ತದೆ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಹಕ್ಕಿಯ ಹೊಟ್ಟೆಗಿಲ್ಲ. ನೂರಿಪ್ಪತ್ತು ಗ್ರಾಂ ತೂಗುವ ಜೀವಕ್ಕೆ ಭಜಿಯ ಉಪ್ಪು, ಎಣ್ಣೆ ಎಷ್ಟು ಭಾರವೆಂದು ಲೆಕ್ಕ ಹಾಕಿದರೆ ಸಾಕು. ಚಹಾದ ಕೆಫೀನ್ ಅದರ ಎದೆಬಡಿತವನ್ನೇ ಏರುಪೇರು ಮಾಡುತ್ತದೆ. ಚಾಕೊಲೇಟ್ ಇನ್ನೂ ಕೆಟ್ಟದ್ದು. ಈಗ ಬೆಳಗಾವಿ ಮಾರುಕಟ್ಟೆಗೂ ಬರುವ ಬೆಣ್ಣೆಹಣ್ಣು, ಅಂದರೆ ಅವಕಾಡೊ, ಗಿಣಿಯ ಪಾಲಿಗೆ ನೇರ ವಿಷ.

ಆಯಿ ಕೊಡುತ್ತಿದ್ದುದರಲ್ಲಿ ಒಂದು ಮಾತ್ರ ಸರಿ ಇತ್ತು, ಅದೂ ತಪ್ಪು ಕಾರಣಕ್ಕೆ. ಮೆಣಸಿನಕಾಯಿ. ಅದನ್ನು ತಿಂದರೆ ಗಿಣಿಯ ನಾಲಿಗೆ ಹೊರಳಿ ಮಾತು ಬರುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಗಿಣಿಯ ದನಿ ಹುಟ್ಟುವುದು ಎದೆಯೊಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಕಡೆ. ಮೆಣಸಿನಕಾಯಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನಮ್ಮ ನಾಲಿಗೆಯಲ್ಲಿ ಖಾರವನ್ನು ಹಿಡಿಯುವ ಗ್ರಾಹಕ ಹಕ್ಕಿಯಲ್ಲಿ ಖಾರದ ಅಂಶಕ್ಕೆ ಸ್ಪಂದಿಸುವುದೇ ಇಲ್ಲ. ಬ್ಯಾಡಗಿಯಾದರೇನು, ಲವಂಗಿಯಾದರೇನು, ಅದಕ್ಕೆ ಎಲ್ಲವೂ ಸೌತೆಕಾಯಿ. ಹಣ್ಣಾದ ಕೆಂಪು ಮೆಣಸಿನಕಾಯಿಯಲ್ಲಿ ಎ ಜೀವಸತ್ವ ಮಾಡಿಕೊಳ್ಳಲು ಬೇಕಾದ ವಸ್ತು ಹೇರಳ. ಆಯಿ ಭಜಿ ಬಿಟ್ಟು ದಿನಕ್ಕೊಂದು ಹಣ್ಣು ಮೆಣಸಿನಕಾಯಿ ಕೊಟ್ಟಿದ್ದರೆ ರಾಮ ಇನ್ನಷ್ಟು ದಿನ ಇರುತ್ತಿತ್ತೇನೋ. ಔಷಧ ಹೊಡೆದ ಕಾಯಿಯಾದರೆ ಚೆನ್ನಾಗಿ ತೊಳೆದು ಕೊಡಬೇಕು ಅಷ್ಟೆ.

ಸಾಕುವ ಮಾತಿಗೆ ಮೊದಲು ಇನ್ನೊಂದು ಮಾತು ಇತ್ಯರ್ಥವಾಗಬೇಕು. ನಮ್ಮ ರಾಮ, ಅಂದರೆ ಕೊರಳಲ್ಲಿ ಗುಲಾಬಿ ಉಂಗುರದ ಹಸಿರು ಗಿಣಿ, ಇವತ್ತು ಯಾರ ಮನೆಯಲ್ಲೂ ಇರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಕಾಡುಜೀವಿ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಅದರ ಸ್ಥಾನ ಎರಡನೆಯ ಅನುಸೂಚಿಯಲ್ಲಿ. ಭುಜದ ಮೇಲೆ ಕೆಂಪು ಪಟ್ಟಿಯ ದೊಡ್ಡ ಗಿಣಿ, ಕಿತ್ತೂರಿನ ಪಡುವಣಕ್ಕೆ ಮರಗಾಡು ಹೆಚ್ಚಿದಂತೆ ಕಾಣುವ ಕೆಂದಲೆ ಗಿಣಿ, ಇವೂ ನಮ್ಮ ನೆಲದವೇ, ಇವುಗಳಿಗೂ ರಕ್ಷಣೆ ಇದೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಸಾಕುವುದು ಎಲ್ಲವೂ ಅಪರಾಧ. ಜಾತ್ರೆಯ ಗಿಣಿಶಾಸ್ತ್ರದವರ ಪೆಟ್ಟಿಗೆ ಈಗ ಅಪರೂಪವಾಗುತ್ತಿರುವುದಕ್ಕೆ ಇದೂ ಒಂದು ಕಾರಣ.

ಕಾನೂನು ಕಠಿಣವಾಯಿತು ಎನ್ನುವವರು ಮರಿ ಎಲ್ಲಿಂದ ಬರುತ್ತದೆ ಎಂದು ಒಮ್ಮೆ ನೋಡಬೇಕು. ಹಳೇ ಮರದ ಪೊಟರೆಯಲ್ಲೋ ಹಾಳುಕೋಟೆಯ ಗೋಡೆಯ ತೂತಿನಲ್ಲೋ ಗೂಡು, ಮೂರು ನಾಲ್ಕು ಮೊಟ್ಟೆ, ಮೂರು ವಾರದ ಕಾವು, ಆಮೇಲೆ ರೆಕ್ಕೆ ಬಲಿಯಲು ಆರೇಳು ವಾರ. ಕಣ್ಣು ಬಿಟ್ಟ ಕೂಡಲೇ ಮರಿ ಎತ್ತಿ, ಗೋಣಿಯಲ್ಲಿ ತುಂಬಿ ಊರೂರು ದಾಟಿಸುವಾಗ ಬದುಕುವುದಕ್ಕಿಂತ ಸಾಯುವುದೇ ಹೆಚ್ಚು. ‘ಗಂಡು, ಛಲೋ ಮಾತಾಡತೈತಿ’ ಎಂದು ಮಾರುವವನ ಮಾತೂ ಗಾಳಿಗೆ. ಗಂಡಿನ ಕೊರಳ ಉಂಗುರ ಪೂರ್ತಿ ಮೂಡಲು ಸುಮಾರು ಮೂರು ವರ್ಷ ಬೇಕು, ಮರಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಈಗಾಗಲೇ ಅಂಥ ಗಿಣಿ ಇದ್ದರೆ ಪಾಪಪ್ರಜ್ಞೆಯಿಂದ ಬಾಗಿಲು ತೆರೆದು ಹಾರಿಬಿಡಬೇಡಿ. ಪಂಜರದಲ್ಲಿ ಬೆಳೆದದ್ದಕ್ಕೆ ಗಿಡುಗ ಯಾವುದು, ತೆನಿ ಯಾವುದು ಒಂದೂ ಗೊತ್ತಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಒಪ್ಪಿಸುವುದೇ ದಾರಿ.

ಹಾಗಾದರೆ ಸಾಕಲು ಯಾವುದಿದೆ? ನಮ್ಮೂರಿನ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಳದಿ, ನೀಲಿ ಪುಟ್ಟ ಹಕ್ಕಿಗಳು ನಿಜವಾದ ಲವ್ ಬರ್ಡ್ ಅಲ್ಲವೇ ಅಲ್ಲ, ಅವು ಬಜರಿಗರ್, ಆಸ್ಟ್ರೇಲಿಯಾದ ಗಿಣಿಗಳು. ಪಕ್ಷಿತಜ್ಞ ಜಾನ್ ಗೋಲ್ಡ್ 1840ರಲ್ಲಿ ಅವನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಮೇಲೆ ತಲೆಮಾರುಗಟ್ಟಲೆ ಪಂಜರದಲ್ಲೇ ಮರಿ ಮಾಡಿಸಿದ್ದಾರೆ. ಜುಟ್ಟಿನ ಕಾಕಟೀಲ್ ಕೂಡ ಅದೇ ನಾಡಿನದು. ಇವಕ್ಕೆ ನೋಂದಣಿಯ ತೊಡಕಿಲ್ಲ. ಬೂದು ಬಣ್ಣದ ಆಫ್ರಿಕನ್ ಗಿಣಿ, ಮಕಾವ್, ಸನ್ ಕನ್ಯೂರ್ ತಂದವರು ಮಾತ್ರ 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ‘ಪರಿವೇಶ್’ ತಾಣದಲ್ಲಿ ನೋಂದಾಯಿಸಬೇಕು. ಬೂದು ಗಿಣಿ ನಲವತ್ತು ಐವತ್ತು ವರ್ಷ ಬದುಕಬಲ್ಲದು. ಐವತ್ತು ದಾಟಿದವರು ಅದನ್ನು ಕೊಳ್ಳುವ ಮುನ್ನ ಮಕ್ಕಳನ್ನು ಕೇಳುವುದು ಒಳ್ಳೆಯದು, ಆಸ್ತಿಯ ಜೊತೆ ಅದೂ ಅವರ ಪಾಲಿಗೇ ಬರುತ್ತದೆ.

ಬಜರಿಗರ್‌ನ ತವರು ಆಸ್ಟ್ರೇಲಿಯಾದ ಒಳನಾಡಿನ ಬಯಲು. ಮಳೆ ಕಡಿಮೆ, ಹುಲ್ಲು ಹೆಚ್ಚು. ರಾಮದುರ್ಗದ ಕಡೆಯ ಬಯಲು ನೋಡಿದವರಿಗೆ ಅದರ ಕಲ್ಪನೆ ಕಷ್ಟವಲ್ಲ. ಅಲ್ಲಿ ಅದು ತಿನ್ನುವುದು ಹುಲ್ಲಿನ ಸಣ್ಣ ಬೀಜ. ಹಾಗಾಗಿ ಅದರ ಊಟ ಪೇಟೆಯ ಬಣ್ಣದ ಪೊಟ್ಟಣದಲ್ಲಿಲ್ಲ, ನಮ್ಮ ಕಾಳಿನ ಸಂತೆಯಲ್ಲಿದೆ: ನವಣೆ, ಸಾವೆ, ಸಜ್ಜೆ. ವಿದೇಶಿ ಅಂಗಡಿಗಳಲ್ಲಿ ಗಿಣಿಯ ತಿನಿಸೆಂದು ದುಬಾರಿ ಬೆಲೆಗೆ ತೂಗುಹಾಕಿರುವ ತೆನೆ ಬೇರೇನೂ ಅಲ್ಲ, ನವಣೆಯದೇ. ನವಣೆ ಬೆಳೆದವರ ಹತ್ತಿರ ಒಂದು ಹಿಡಿ ತೆನೆ ಕೇಳಿ ತಂದು ಪಂಜರಕ್ಕೆ ಸಿಗಿಸಿ. ಹಕ್ಕಿ ತಲೆಕೆಳಗಾಗಿ ಜೋತು ಒಂದೊಂದೇ ಕಾಳು ಸುಲಿಯುವುದನ್ನು ನೋಡುತ್ತಾ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಆದರೆ ಕಾಳೊಂದೇ ಸಾಲದು. ಹೊಲದ ಗಿಣಿಯನ್ನು ವರ್ಷಪೂರ್ತಿ ಗಮನಿಸಿದರೆ ಅದು ಒಂದೇ ಬೆಳೆಗೆ ಅಂಟಿ ಕೂರುವುದಿಲ್ಲ. ಜೋಳ ಮುಗಿದರೆ ಕುಸುಬಿ, ಆಮೇಲೆ ಬೇವಿನ ಹಣ್ಣು, ಆಲದ ಹಣ್ಣು, ಹೂವಿನ ಎಸಳು, ಎಳೆ ಚಿಗುರು, ಪೇರಲ. ಮನೆಯ ಹಕ್ಕಿಗೂ ದಿನಾ ಒಂದಿಷ್ಟು ಹಸಿರು ಬೇಕು: ಮೆಂತೆ ತಪ್ಪಲ, ಕೊತ್ತಂಬರಿ, ನುಗ್ಗೆಸೊಪ್ಪು. ತುರಿದ ಗಜ್ಜರಿ, ಮೊಳಕೆ ಬಂದ ಹೆಸರು. ಪಾಲಕ್ ಅತಿಯಾಗಬಾರದು, ಅದರ ಆಮ್ಲ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಮೊಟ್ಟೆಯಿಡುವ ಹೆಣ್ಣಿಗೆ ಸುಣ್ಣದಂಶ ಜೀವದ ಪ್ರಶ್ನೆ, ಸಾಕುಪ್ರಾಣಿಯ ಅಂಗಡಿಯಲ್ಲಿ ಸಿಗುವ ಕಟಲ್ ಬೋನ್ ಒಂದನ್ನು ಪಂಜರಕ್ಕೆ ಕಟ್ಟಿಬಿಡಿ.

ಸೂರ್ಯಕಾಂತಿ ಬೀಜ, ಶೇಂಗಾ ಎರಡನ್ನೂ ಗಿಣಿಗಳು ಮಕ್ಕಳು ಪೇಢೆ ತಿಂದಂತೆ ತಿನ್ನುತ್ತವೆ. ಅರ್ಧಕ್ಕರ್ಧ ಎಣ್ಣೆಯೇ ಇರುವ ಕಾಳುಗಳವು. ಮೈಲುಗಟ್ಟಲೆ ಹಾರುವ ಹಕ್ಕಿ ಕರಗಿಸಿಕೊಳ್ಳುತ್ತದೆ, ಎರಡಡಿ ಪಂಜರದಲ್ಲಿ ಕುಳಿತದ್ದರ ಯಕೃತ್ತಿಗೆ ಅದೆಲ್ಲ ಕೊಬ್ಬಾಗಿ ಸೇರುತ್ತದೆ. ಶೇಂಗಾ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಸುಗ್ಗಿಯಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಕಾಯಿಯನ್ನು ‘ಹಕ್ಕಿಗೆ ಇರಲಿ’ ಎಂದು ತೆಗೆದಿಡುವ ರೂಢಿ ನಮ್ಮಲ್ಲಿದೆ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ನಮಗಿಂತ ಮೊದಲು ಹಕ್ಕಿಯನ್ನು ಮುಗಿಸುತ್ತದೆ.

ಪಂಜರದ ಜಾಗವೂ ಊಟದಷ್ಟೇ ಮುಖ್ಯ, ಅಡುಗೆಮನೆಯಂತೂ ಬೇಡವೇ ಬೇಡ. ಹಕ್ಕಿಯ ಪುಪ್ಪುಸದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ, ಉಸಿರು ಒಳಗೆಳೆದಾಗಲೂ ಹೊರಬಿಟ್ಟಾಗಲೂ ಹೊಸ ಗಾಳಿಯೇ ಅಲ್ಲಿರುತ್ತದೆ. ಹಾರಲು ಅದು ವರ, ಕೆಟ್ಟ ಗಾಳಿಯಿದ್ದರೆ ಅದೇ ಶಾಪ. ನಾನ್‌ಸ್ಟಿಕ್ ತವೆ ಒಲೆಯ ಮೇಲೆ ಮರೆತು ಕಾದು ಹೋದರೆ ಹೊರಡುವ ಹೊಗೆ ನಮಗೆ ವಾಸನೆಯೂ ಬಾರದೆ ಪಕ್ಕದ ಕೋಣೆಯ ಗಿಣಿಯನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು. ರೊಟ್ಟಿ ಬೇಯಿಸುವ ನಮ್ಮ ಕಬ್ಬಿಣದ ಹಂಚಿಗೆ ಆ ದೋಷವಿಲ್ಲ. ಊದುಬತ್ತಿ, ಸೊಳ್ಳೆಬತ್ತಿ, ಬೀಡಿ ಮೂರೂ ಪಂಜರದಿಂದ ದೂರವಿರಲಿ.

ಪಂಜರ ಎತ್ತರಕ್ಕಿಂತ ಅಗಲ ಇರಬೇಕು, ಗಿಣಿ ಹಾರುವುದು ಅಡ್ಡಡ್ಡ. ಕೂರಲು ನುಣುಪಾದ ಪ್ಲಾಸ್ಟಿಕ್ ಕೋಲು ಹಾಕಿದರೆ ದಿನವಿಡೀ ಒಂದೇ ಜಾಗ ಒತ್ತಿ ಅಂಗಾಲು ಹುಣ್ಣಾಗುತ್ತದೆ. ಬೇವಿನದೋ ಪೇರಲದ್ದೋ ದಪ್ಪ ಸಣ್ಣ ಟೊಂಗೆಗಳು ಸಾಕು, ತೊಗಟೆ ಕಚ್ಚಿ ಕೀಳುವ ಕೆಲಸವೂ ಅದಕ್ಕೆ ಸಿಗುತ್ತದೆ. ಕೆಲಸವಿಲ್ಲದ ಗಿಣಿ ಬೇಸರಕ್ಕೆ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತದೆ. ಜೋಳದ ದಂಟಿನ ತುಂಡು, ಗೋವಿನಜೋಳದ ಬೆಂಡು ಅದರ ಆಟಿಗೆ. ರಾತ್ರಿ ಹತ್ತು ಹನ್ನೆರಡು ತಾಸು ಕತ್ತಲೆ ಬೇಕು, ಧಾರಾವಾಹಿ ಮುಗಿಯುವ ತನಕ ಟಿವಿ ಎದುರು ಕೂರಿಸಬಾರದು.

ಗಿಣಿ ಕಾಯಿಲೆಯನ್ನು ಬಚ್ಚಿಡುತ್ತದೆ. ಹಿಂಡಿನಲ್ಲಿ ಸೊರಗಿ ಕಂಡದ್ದನ್ನೇ ಗಿಡುಗ ಹಿಡಿಯುವುದು, ಹಾಗಾಗಿ ಕೊನೆಯವರೆಗೂ ಚುರುಕಾಗಿಯೇ ನಟಿಸುತ್ತದೆ. ಪುಕ್ಕ ಉಬ್ಬಿಸಿ ಪಂಜರದ ತಳದಲ್ಲಿ ಕುಳಿತಿತೆಂದರೆ ತಡವಾಗಿದೆ ಎಂದೇ ಅರ್ಥ. ಅದಕ್ಕೇ ವಾರಕ್ಕೊಮ್ಮೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಬಜರಿಗರ್ ಮೂವತ್ತು ನಲವತ್ತು ಗ್ರಾಂ, ಮೂರು ಗ್ರಾಂ ಇಳಿದರೂ ಡಾಕ್ಟರರಿಗೆ ಫೋನು ಮಾಡುವ ಹೊತ್ತು. ನಮ್ಮ ಕಡೆಯ ಪಶುವೈದ್ಯರ ಕೈಗೆ ಹೆಚ್ಚಾಗಿ ಬರುವುದು ಎಮ್ಮೆ, ಎತ್ತು. ಹಕ್ಕಿ ನೋಡುವವರು ಬೆಳಗಾವಿ, ಧಾರವಾಡದಲ್ಲಿ ಯಾರಿದ್ದಾರೆ ಎಂದು ಹಕ್ಕಿ ತರುವ ಮೊದಲೇ ವಿಚಾರಿಸಿಕೊಂಡಿರಬೇಕು. ಪಂಜರ ತೊಳೆಯುವಾಗ ಒಣಗಿದ ಹಿಕ್ಕೆಯನ್ನು ಕೆರೆದು ಧೂಳೆಬ್ಬಿಸದೆ ನೀರು ಚಿಮುಕಿಸಿ ಒರೆಸಿ, ಗಿಣಿಜ್ವರ ಎನ್ನುವ ಪುಪ್ಪುಸದ ಸೋಂಕು ಮನುಷ್ಯರಿಗೆ ಹೆಚ್ಚಾಗಿ ಹತ್ತುವುದು ಆ ಧೂಳಿನಿಂದಲೇ.

ನಮ್ಮ ಮನೆಯಲ್ಲಿ ಈಗ ಎರಡು ಬಜರಿಗರ್ ಇವೆ. ಜನವರಿಯ ಸಂಜೆ ಹೊಲ ಬಿಟ್ಟು ಬರುವ ಹಸಿರು ಹಿಂಡು ಮನೆಯ ಮಾಳಿಗೆ ಮೇಲೆ ಹಾಯುವಾಗ ಎರಡೂ ಕೋಲು ಬಿಟ್ಟು ತಂತಿಗೆ ಜೋತು ಒಂದೇ ಸಮನೆ ಕೂಗುತ್ತವೆ. ಹಿಂಡು ನಿಲ್ಲುವುದಿಲ್ಲ. ಸದ್ದು ಅಡಗಿದ ಮೇಲೆ ನಾನು ಪಂಜರದ ಮೇಲೆ ಆಯಿಯ ಹಳೇ ಸೀರೆಯ ತುಂಡು ಹೊದಿಸುತ್ತೇನೆ.