ಪಹಣಿಯಿಲ್ಲದ ವರ

ಮಲೆನಾಡಿನಲ್ಲಿ ಹೆಣ್ಣು ಕೇಳಲು ಹೋದವರಿಗೆ ಮೊದಲು ಬರುವುದು ಬೆಲ್ಲ ನೀರು, ಅನಂತರ ಕಾಫಿ, ಅದರ ಹಿಂದೆಯೇ ಪ್ರಶ್ನೆ. “ಮಾಣಿ ಎಂತ ಮಾಡ್ತಾ ಇದ್ದ?” ಎಂದು ಹವ್ಯಕರ ಜಗಲಿಯಲ್ಲಿ, “ಹುಡುಗ ಎಂತ ಮಾಡ್ಕಂಡಿದಾನೆ?” ಎಂದು ಮಿಕ್ಕವರ ಜಗಲಿಯಲ್ಲಿ. ನುಡಿ ಬೇರೆಯಾದರೂ ಅರ್ಥ ಒಂದೇ. “ಮನೆಯಲ್ಲೇ ಇದ್ದಾನೆ” ಎಂಬ ಉತ್ತರಕ್ಕೆ ಒಂದು ಕಾಲದಲ್ಲಿ ಬಹಳ ಬೆಲೆಯಿತ್ತು. ಮನೆಯಲ್ಲೇ ಇರುವ ಮಗನೆಂದರೆ ಗದ್ದೆ ತೋಟಗಳನ್ನು ನೋಡಿಕೊಳ್ಳುವವನು, ನಾಳಿನ ಯಜಮಾನ. ಇಂದು ಅದೇ ಮಾತನ್ನು ಹೇಳುವಾಗ ವರನ ತಂದೆಯ ದನಿ ಒಂದಿಷ್ಟು ಇಳಿಯುತ್ತದೆ. ಮನೆಯಲ್ಲೇ ಇದ್ದಾನೆಂದರೆ ಬೆಂಗಳೂರಿನಲ್ಲಿಲ್ಲ, ಬೆಂಗಳೂರಿನಲ್ಲಿಲ್ಲವೆಂದರೆ ಸಂಬಳವಿಲ್ಲ, ಸಂಬಳವಿಲ್ಲವೆಂದರೆ ಕೆಲಸವಿಲ್ಲ. ಮುಂಜಾನೆಯಿಂದ ಕತ್ತಲಾಗುವವರೆಗೆ ತೋಟದಲ್ಲಿ ಬೆವರು ಸುರಿಸುವವನು ಹೀಗೆ ಕಾಫಿ ಆರುವುದರೊಳಗೆ ನಿರುದ್ಯೋಗಿಯಾಗಿಬಿಡುತ್ತಾನೆ.

ಈ ಸಂಕಟ ಕರ್ನಾಟಕದ ಎಲ್ಲ ಕಡೆಯೂ ಉಂಟು. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತ ತರುಣರು, ತಮಗೊಂದು ಹೆಣ್ಣು ದೊರೆಯಲೆಂದು, ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದರು. ಅದೇ ವರ್ಷದ ಚುನಾವಣೆಯ ಪ್ರಚಾರದಲ್ಲಿ ಎಚ್.ಡಿ. ಕುಮಾರಸ್ವಾಮಿಯವರು, ರೈತರ ಮಕ್ಕಳನ್ನು ವರಿಸುವ ಹೆಣ್ಣುಮಕ್ಕಳಿಗೆ ಎರಡು ಲಕ್ಷ ರೂಪಾಯಿ ಕೊಡುವೆವೆಂದು ಭರವಸೆಯಿತ್ತರು. ನಕ್ಕವರು ನಕ್ಕರು. ಆದರೆ ಮನೆಯಲ್ಲಿ ಮೂವತ್ತೈದು ದಾಟಿದ ಮಗನಿರುವ ತಾಯಿಗೆ ಅದು ನಗುವ ಸಂಗತಿಯಾಗಿರಲಿಲ್ಲ.

ಆದರೂ ಲಿಂಗನಮಕ್ಕಿಯ ಹಿನ್ನೀರಿನ ಸುತ್ತಿನ ವರನ ಕಷ್ಟಕ್ಕೆ ಬೇರೆಯದೇ ಒಂದು ಚರಿತ್ರೆಯಿದೆ. ಅವನ ಕೈ ಬರಿದಾದದ್ದು ಅವನು ಹುಟ್ಟುವ ಮೊದಲೇ.

ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. 1948ರ ಹಿರೇಭಾಸ್ಕರ ಅಣೆಕಟ್ಟೆಯೇ ಅದರ ನೀರಿನಲ್ಲಿ ಮುಳುಗಿತೆಂದ ಮೇಲೆ ಊರುಗಳ ಮಾತೇನು! ಬೇಸಗೆಯಲ್ಲಿ ನೀರು ಬಹಳ ಇಳಿದಾಗ ಆ ಹಳೆಯ ಕಟ್ಟೆ ಇಂದಿಗೂ ತಲೆಯೆತ್ತಿ ಕಾಣಿಸಿಕೊಳ್ಳುತ್ತದೆ. ಜಲಾಶಯದ ಹರವು ಮುನ್ನೂರು ಚದರ ಕಿಲೋಮೀಟರಿಗೂ ಮಿಗಿಲು. ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ದೇವಸ್ಥಾನ, ಬಾವಿಕಟ್ಟೆಗಳು ಒಟ್ಟಿಗೆ ಅದರಡಿ ಸೇರಿದವು. ಜನರನ್ನು ಲಾರಿಗಳಲ್ಲಿ ತುಂಬಿ ಕಾಡಿನ ಅಂಚಿನಲ್ಲಿ ಇಳಿಸಿದ ಕಥೆಯನ್ನು ಈ ಸೀಮೆಯ ಹಿರಿಯರು ಇಂದಿಗೂ ಹೇಳುತ್ತಾರೆ. 1965ರ ಜನವರಿಯಲ್ಲಿ ಪ್ರಧಾನಿ ಲಾಲ್‌ಬಹಾದ್ದೂರ್ ಶಾಸ್ತ್ರಿಗಳು ಶರಾವತಿ ವಿದ್ಯುದಾಗಾರವನ್ನು ನಾಡಿಗೆ ಅರ್ಪಿಸಿದರು. ನಾಡಿಗೆಲ್ಲ ಬೆಳಕು ಹರಿಯಿತು. ನೀರಿನಂಚಿಗೆ ಸರಿದ ಮನೆಗಳಲ್ಲಿ ಬಹುಕಾಲ ಉರಿದದ್ದು ಚಿಮಣಿ ದೀಪವೇ.

ಹೀಗೆ ಎದ್ದು ಹೋದವರು ಕಾಡು ಕಡಿದು, ಗುಡ್ಡ ತಗ್ಗಿಸಿ, ಅಡಿಕೆ ಸಸಿ ನೆಟ್ಟರು. ಸಸಿ ಮರವಾಯಿತು, ಮರ ಫಲಕೊಟ್ಟಿತು. ಆದರೆ ಕಂದಾಯದ ಕಾಗದದಲ್ಲಿ ಅನೇಕರ ಆ ನೆಲ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ, ಅರಣ್ಯಭೂಮಿಯನ್ನು ಬಿಟ್ಟುಕೊಡಲು ಕೇಂದ್ರದ ಅನುಮತಿ ಬೇಕೇಬೇಕು. ಅದಿಲ್ಲದೆ ರಾಜ್ಯ ಸರ್ಕಾರ ಸಂತ್ರಸ್ತರಿಗಾಗಿ ಹೊರಡಿಸಿದ್ದ ಭೂಮಿ ಬಿಡುಗಡೆಯ ಆದೇಶಗಳು 2021ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ರದ್ದಾದವು. ಅಜ್ಜ ಬಿಟ್ಟುಬಂದ ಜಮೀನು ನೀರಿನಡಿ, ಅಪ್ಪ ಮಾಡಿದ ಜಮೀನು ಅರಣ್ಯದ ಲೆಕ್ಕದಲ್ಲಿ. ಮೊಮ್ಮಗ ಮದುವೆಗೆ ನಿಂತಿದ್ದಾನೆ.

ಪಹಣಿಗೂ ಪ್ರಣಯಕ್ಕೂ ಎಲ್ಲಿಯ ಸಂಬಂಧವೆಂದು ಪಟ್ಟಣದ ಓದುಗರು ಕೇಳಿಯಾರು. ಸಂಬಂಧವಿದೆ. ಪಹಣಿಯಿಲ್ಲದಿದ್ದರೆ ಸಹಕಾರ ಸಂಘದ ಬೆಳೆಸಾಲವಿಲ್ಲ, ಬ್ಯಾಂಕಿನ ಅಡಮಾನವಿಲ್ಲ. ಮಳೆಗಾಲಕ್ಕೆ ಮುಂಚೆ ಬೋರ್ಡೋ ಮದ್ದಿಗೆ ಸುಣ್ಣ, ಮೈಲುತುತ್ತ ಕೊಳ್ಳಬೇಕು. ಮದ್ದು ಹೊಡೆಯುವವನಿಗೆ ಕೂಲಿ ಕೊಡಬೇಕು. ಬ್ಯಾಂಕು ಕೊಡದ ಹಣವನ್ನು ಅಡಿಕೆ ವ್ಯಾಪಾರಿ ಕೊಡುತ್ತಾನೆ. ಕೊಟ್ಟವನು ಫಸಲಿನ ಮೇಲೆ ಮೊದಲೇ ಕೈಯಿಟ್ಟಿರುತ್ತಾನೆ. ಕೊಯ್ಲು ಮುಗಿದು, ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದಾಗ ಕೈಗೆ ಬರುವುದು ಕಳೆದ ವರ್ಷದ ಬಾಕಿಯ ಚೀಟಿ. ಇದರ ಮೇಲೆ ಕೊಳೆರೋಗ. ಈಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರದ ತೋಟಗಳನ್ನು ಹಿಡಿದಿರುವ ಎಲೆಚುಕ್ಕಿ ರೋಗ ಬೇರೆ. ಅಡಿಕೆಗೆ ಎಂಥ ಧಾರಣೆಯಿದೆ ಎಂದು ಪತ್ರಿಕೆಯಲ್ಲಿ ಓದಿ ಬೆರಗಾಗುವವರಿಗೆ ಈ ಲೆಕ್ಕ ಕಾಣುವುದಿಲ್ಲ. ಹೆಣ್ಣಿನ ತಂದೆಗೆ ಕಾಣುತ್ತದೆ. ಏಕೆಂದರೆ ಅವನೂ ತೋಟದವನೇ! ತಾನು ಪಟ್ಟ ಪಾಡು ಮಗಳಿಗೆ ಬೇಡವೆಂಬ ಒಂದೇ ಆಸೆಯಿಂದ ಅವನು ಬೆಂಗಳೂರಿನ ಜಾತಕವನ್ನು ಮೇಲಿಡುತ್ತಾನೆ.

ಮಗಳನ್ನೂ ದೂರುವಂತಿಲ್ಲ. ಪದವಿ ಓದಿದ ಹುಡುಗಿ, ಸುಲಿಯುವ ಕಾಲದಲ್ಲಿ ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತ ತಾಯಿಯನ್ನು ಕಂಡಿದ್ದಾಳೆ. ಆ ತಾಯಿಯ ಹೆಸರು ಯಾವ ಪಹಣಿಯಲ್ಲೂ ಇಲ್ಲವೆಂಬುದನ್ನೂ ಕಂಡಿದ್ದಾಳೆ. ಅವಳು ಕೇಳುವುದು ಬಂಗಾರವನ್ನಲ್ಲ. ತಿಂಗಳಿಗೊಮ್ಮೆ ತಪ್ಪದೆ ಬರುವ ಒಂದು ಮೊತ್ತವನ್ನು, ತಾನೂ ದುಡಿಯಲು ಹೊರಗೆ ಹೋಗಬಹುದಾದ ಒಂದು ದಾರಿಯನ್ನು. ಹುಡುಗಿಯರಿಗೆ ದುರಾಸೆ ಹೆಚ್ಚಿತೆಂದು ಮದುವೆಮನೆಗಳ ಪಂಕ್ತಿಯಲ್ಲಿ ಕುಳಿತು ಹೇಳುವ ಹಿರಿಯರು, ತಮ್ಮ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆಂದು ವಿಚಾರಿಸಿದರೆ ಸಾಕು.

ಹಣವಿಲ್ಲದವನಿಗೆ ಹೆಣ್ಣಿಲ್ಲವೆಂಬುದು ಇಂದು ನೆನ್ನೆಯ ಮಾತೂ ಅಲ್ಲ. ಹಿಂದೆ ಮಲೆನಾಡಿನ ಹಲವು ಸಮುದಾಯಗಳಲ್ಲಿ ಗಂಡಿನವರೇ ಹೆಣ್ಣಿಗೆ ತೆರ ಕೊಡಬೇಕಾಗಿತ್ತು. ಹಣ ಕೂಡಿಸಲಾರದ ತರುಣ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹವ್ಯಕರಲ್ಲಿಯೂ ಕನ್ಯಾವಿಕ್ರಯವಿತ್ತೆಂಬುದಕ್ಕೆ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ಬರೆದ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವೇ ಸಾಕ್ಷಿ. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಹೆಸರಾದ ಆ ಕೃತಿಯ ವಸ್ತು, ಹಣಕ್ಕೆ ಹೆಣ್ಣನ್ನು ಕೊಡುವ ಆ ಪದ್ಧತಿಯೇ. ಅಂದು ಹಣವುಳ್ಳ ಮುದುಕನಿಗೆ ಕನ್ಯೆ ದೊರೆಯುತ್ತಿದ್ದಳು; ಹಣವಿಲ್ಲದ ಹರೆಯದವನು ನೋಡುತ್ತ ನಿಲ್ಲುತ್ತಿದ್ದ. ಅಂದು ಹುಡುಗಿಯನ್ನು ಯಾರೂ ಕೇಳುತ್ತಿರಲಿಲ್ಲ. ಇಂದು ಕೇಳುತ್ತಾರೆ, ಅವಳು ಉತ್ತರ ಹೇಳುತ್ತಾಳೆ. ಆ ಉತ್ತರ ನಮಗೆ ಹಿತವಾಗದಿದ್ದರೂ ಈ ಬದಲಾವಣೆ ಒಳ್ಳೆಯದೆಂದೇ ನನ್ನ ಅಭಿಪ್ರಾಯ.

ಇದು ಜಗಲಿಯ ಮೇಲಿನ ಸಂಗತಿ. ಜಗಲಿಯಾಚೆಗೆ, ಹಿರಿಯರಿಗೆ ತಿಳಿಯದಂತೆ, ತಾವೇ ಒಲಿದವರ ಪಾಡು ಇನ್ನೊಂದು ಬಗೆಯದು. ಸಾಗರದ ಕಾಲೇಜಿನಲ್ಲಿ ಕಂಡವರು, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಯಲ್ಲಿ ಬಳೆಯಂಗಡಿಯ ಮುಂದೆ ಎದುರಾದವರು, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ದೋಸೆ, ಎರಡು ಕಾಫಿಯ ಮೇಲೆ ಒಂದು ಗಂಟೆ ಕುಳಿತವರು! ಬಿಲ್ಲು ಬಂದಾಗ ಹುಡುಗನ ಕೈ ಜೇಬಿಗೆ ಹೋಗುವ ನಿಧಾನವನ್ನು ಹುಡುಗಿ ಗಮನಿಸಿಯೂ ಗಮನಿಸದಂತಿರುತ್ತಾಳೆ. ಒಮ್ಮೊಮ್ಮೆ ತಾನೇ ಕೊಡುತ್ತಾಳೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಬಡ ಪ್ರೇಮಿಗಳಿಗೆ ಇದೊಂದು ಅನುಕೂಲವೆನ್ನೋಣವೆಂದರೆ, ಮಲೆನಾಡಿನ ಬಹುಪಾಲು ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು!

ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿಯಂತೆ ಎರಡು ವರ್ಷ ಕೊಡುವ ‘ಯುವನಿಧಿ’ ಯೋಜನೆಗೆ 2024ರ ಜನವರಿ 12ರಂದು ಚಾಲನೆ ದೊರೆತದ್ದು ಶಿವಮೊಗ್ಗದಲ್ಲಿಯೇ. ಆ ಹಣ ಅರ್ಜಿಯ ಶುಲ್ಕಕ್ಕೆ, ಪರೀಕ್ಷೆಗೆ ಹೋಗಿಬರುವ ಖರ್ಚಿಗೆ ಒದಗೀತು. ಅದನ್ನು ತೋರಿಸಿ ಹೆಣ್ಣು ಕೇಳಲು ಹೋಗುವ ಧೈರ್ಯ ಯಾವ ತರುಣನಿಗೂ ಇರಲಾರದು.

ಸಂಬಳವಿಲ್ಲದೆ ಒಲಿದವರ ಒಂದು ಪ್ರಸಿದ್ಧ ಉದಾಹರಣೆ ಈ ಸೀಮೆಗೇ ಸೇರಿದ್ದು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ 1938ರಲ್ಲಿ ಜನಿಸಿದ ಪೂರ್ಣಚಂದ್ರ ತೇಜಸ್ವಿಯವರು ಮೈಸೂರಿನಲ್ಲಿ ಎಂ.ಎ. ಮಾಡಿಯೂ ಸಂಬಳದ ಕೆಲಸಕ್ಕೆ ಸೇರದೆ, ಮೂಡಿಗೆರೆಯ ಕಡೆ ಕಾಫಿ ತೋಟ ಮಾಡಲು ಹೊರಟವರು. ವಿಶ್ವವಿದ್ಯಾನಿಲಯದಲ್ಲಿ ಪರಿಚಯವಾದ ರಾಜೇಶ್ವರಿಯವರಿಗೆ ಆ ವರ್ಷಗಳಲ್ಲಿ ಅವರು ಬರೆದ ಕಾಗದಗಳು, ರಾಜೇಶ್ವರಿಯವರ ‘ನನ್ನ ತೇಜಸ್ವಿ’ ಗ್ರಂಥದಲ್ಲಿ ಅಚ್ಚಾಗಿವೆ. 1966ರಲ್ಲಿ, ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ ಅವರ ವಿವಾಹವಾಯಿತು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ವಾದ್ಯದ ಅಬ್ಬರವಿಲ್ಲ. ಮಹಾಕವಿಯ ಮಗನಿಗೂ ಹಿನ್ನೀರಿನ ಬಡ ಹುಡುಗನಿಗೂ ಹೋಲಿಕೆ ಸಲ್ಲದೆಂಬುದೇನೋ ನಿಜವೇ. ಆದರೆ ಎರಡು ವಿಷಯಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ: ಮುಂದಿನ ಬದುಕು ತೋಟದಲ್ಲೆಂಬುದು ಮದುವೆಗೆ ಮೊದಲೇ ರಾಜೇಶ್ವರಿಯವರಿಗೆ ತಿಳಿದಿತ್ತು, ಮದುವೆಯ ದಿನಕ್ಕಾಗಿ ಸಾಲದ ಹೊರೆ ಹೊರಬೇಕಾಗಿರಲಿಲ್ಲ. ನಮ್ಮಲ್ಲಿ ಇವೆರಡೂ ತಲೆಕೆಳಗು. ಬಾಕಿಯ ಚೀಟಿಯನ್ನು ಹೆಣ್ಣಿನ ಕಡೆಯವರಿಂದ ಮುಚ್ಚಿಡುತ್ತಾರೆ, ಕಲ್ಯಾಣಮಂಟಪಕ್ಕೆಂದು ಅದೇ ಚೀಟಿಗೆ ಇನ್ನೊಂದು ಸೊನ್ನೆ ಸೇರಿಸುತ್ತಾರೆ. ಮದುಮಗಳು ಅದನ್ನು ಕಾಣುವುದು ಆಷಾಢ ಕಳೆದು ತವರಿನಿಂದ ಮರಳಿದ ಮೇಲೆ.

ತುಮರಿಯ ಕಡೆಯ ವರರಿಗೆ ಮೊನ್ನೆಮೊನ್ನೆಯವರೆಗೆ ಇನ್ನೂ ಒಂದು ಅಡ್ಡಿಯಿತ್ತು: ಲಾಂಚು. ಸಾಗರದಿಂದ ಹೊರಟ ಹೆಣ್ಣಿನ ಕಡೆಯವರು ಹೊಳೆಬಾಗಿಲಿನಲ್ಲಿ ಸರದಿ ಕಾದು, ಹಿನ್ನೀರು ದಾಟಿ, ಮನೆ ನೋಡಿ, ಊಟ ಮಾಡಿ, ಸಂಜೆಯ ಕೊನೆಯ ಲಾಂಚಿಗೆ ಓಡಬೇಕಾಗಿತ್ತು. ನಡುರಾತ್ರಿ ಹೆರಿಗೆ ನೋವು ಬಂದರೆ ಏನು ಗತಿಯೆಂದು ಯಾರಾದರೂ ಒಬ್ಬಳು ಅತ್ತೆ ಕೇಳಿಯೇ ಕೇಳುತ್ತಿದ್ದಳು, ಮಾತು ಅಲ್ಲಿಗೆ ನಿಲ್ಲುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆಯ ಮೇಲೆ ಈಗ ಹೆಣ್ಣಿನ ಕಡೆಯವರ ಕಾರು ಕೆಲವೇ ನಿಮಿಷಗಳಲ್ಲಿ ಆಚೆ ದಡ ಸೇರುತ್ತದೆ. ಹೆರಿಗೆಯ ಪ್ರಶ್ನೆಯನ್ನು ಅತ್ತೆ ಈಗ ಕೇಳಬೇಕಾಗಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, ತೋಟದತ್ತ ಒಮ್ಮೆ ಕಣ್ಣು ಹಾಯಿಸಿ, ಪಹಣಿ ಯಾರ ಹೆಸರಿನಲ್ಲಿದೆಯೆಂದು ಮಾವ ಕೇಳುತ್ತಾನೆ.