ಮನಿ ಪ್ಲಾಂಟ್ ಎಲೆಗೆ ಬಂಗಾರದ ಗೀರು ಏಕೆ?

ಮಕ್ಕಳೇ, ಜಹೀರಾಬಾದ್, ನಾರಾಯಣಖೇಡ್, ತಾಂಡೂರು, ಯಾವ ಊರಿನ ಓಣಿಗೆ ಹೋದರೂ ಒಂದಿಲ್ಲೊಂದು ಮನೆಯಲ್ಲಿ ಮನಿ ಪ್ಲಾಂಟ್ ಕಾಣುತ್ತದೆ. ಕೆಲವರು ಹಳೇ ಬಾಟಲಿಯಲ್ಲಿ ಇಟ್ಟಿರುತ್ತಾರೆ, ಕೆಲವರು ಬಣ್ಣದ ಡಬ್ಬಿಯಲ್ಲಿ. "ಕದ್ದು ತಂದು ಹಚ್ಚಿದರೇ ಬೆಳಿತದ, ಮನೆಗೆ ರೊಕ್ಕ ಬರ್ತದ" ಎಂಬ ಮಾತನ್ನೂ ನೀವು ಕೇಳಿರುತ್ತೀರಿ.

ಕದ್ದ ಬಳ್ಳಿ, ಕೇಳಿ ತಂದ ಬಳ್ಳಿ ಎರಡೂ ಒಂದೇ ರೀತಿ ಬೆಳೆಯುತ್ತವೆ. ಬೇಕಾದದ್ದು ಒಂದು ಗೆಣ್ಣು, ಅಷ್ಟೇ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗ ನೋಡ್ರಿ, ಅಲ್ಲಿ ಕಂದು ಬಣ್ಣದ ಸಣ್ಣ ಗಂಟು ಇರುತ್ತದೆ. ಹೊಸ ಬೇರು ಹೊರಡುವುದು ಅಲ್ಲಿಂದಲೇ. ಗೆಣ್ಣಿಲ್ಲದ ಬರೀ ಎಲೆ ಇಟ್ಟರೆ ಬಳ್ಳಿ ಬರುವುದಿಲ್ಲ.

ಹೂವೇ ಬಿಡದ ಬಳ್ಳಿ

ಈ ಗಿಡದ ಹೂವನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಇದರ ಮೂಲ ಪೆಸಿಫಿಕ್ ಸಾಗರದ ಮೊರಿಯಾ ಎಂಬ ದ್ವೀಪ. 1880ರಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ಮೊದಲು ವರ್ಣಿಸಿದರು. ಈಗಿನ ಹೆಸರು ಎಪಿಪ್ರೆಮ್ನಮ್ ಆರಿಯಮ್. 'ಆರಿಯಮ್' ಅಂದರೆ ಬಂಗಾರದ ಬಣ್ಣದ್ದು. ಹೂ ಬಿಡಲು ಬೇಕಾದ ಗಿಬ್ಬೆರಿಲಿನ್ ಎಂಬ ಹಾರ್ಮೋನು ಈ ಗಿಡದಲ್ಲಿ ಸರಿಯಾಗಿ ತಯಾರಾಗುವುದಿಲ್ಲ, ಅದಕ್ಕೆ ಒಂದು ಜೀನ್‌ನ ದೋಷ ಕಾರಣ ಎಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಆ ಹಾರ್ಮೋನು ಸಿಂಪಡಿಸಿದಾಗ ಗಿಡ ಹೂ ಬಿಟ್ಟಿತು! ಹಾಗಾಗಿ ನಮ್ಮ ಮನೆಗಳ ಬಳ್ಳಿಗಳು ಬೀಜದಿಂದ ಹುಟ್ಟಿದವಲ್ಲ, ಒಂದರ ತುಂಡಿನಿಂದ ಇನ್ನೊಂದು ಬಂದವು.

ಗೀರಿನ ಗುಟ್ಟು

ಎಲೆಯ ಹಸಿರು ಭಾಗದಲ್ಲಿ ಪತ್ರಹರಿತ್ತು ತುಂಬಿರುತ್ತದೆ. ತಿಳಿ ಬಣ್ಣದ ಗೀರಿನಲ್ಲಿ ಅದು ತೀರಾ ಕಡಿಮೆ. ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಪಿಷ್ಟದ ಪರೀಕ್ಷೆಗೆ ಮನಿ ಪ್ಲಾಂಟ್ ಅಥವಾ ಕ್ರೋಟನ್ ತೆಗೆದುಕೊಳ್ಳಿ ಎಂದು ಹೇಳಿರುವುದು ಇದಕ್ಕೇ. ಎಲೆಯ ಬಣ್ಣ ತೆಗೆದು ಅಯೋಡಿನ್ ಹಾಕಿದರೆ ಹಸಿರಿದ್ದ ಭಾಗ ಕಪ್ಪು ನೀಲಿಯಾಗುತ್ತದೆ, ಗೀರಿದ್ದ ಭಾಗ ಆಗುವುದಿಲ್ಲ. ಅಂದರೆ ಆಹಾರ ತಯಾರಾಗುವುದು ಹಸಿರಿನಲ್ಲಿ, ಗೀರು ಉಣ್ಣುವುದು ಆ ಹಸಿರಿನ ದುಡಿಮೆಯನ್ನು.

ಇದು ತಿಳಿದರೆ ಗಿಡದ ಆರೈಕೆಯೂ ತಿಳಿದ ಹಾಗೆ. ಕತ್ತಲ ಮೂಲೆಯಲ್ಲಿಟ್ಟರೆ ಹೊಸ ಎಲೆಗಳಲ್ಲಿ ಗೀರು ಕಡಿಮೆಯಾಗಿ ಹಸಿರು ಹೆಚ್ಚುತ್ತದೆ. ಗೀರು ಉಳಿಯಬೇಕಾದರೆ ಒಳ್ಳೆ ಬೆಳಕಿರುವ ಕಿಟಕಿ ಬೇಕು. ಆದರೆ ನೇರ ಬಿಸಿಲು ಬೇಡ, ಎಲೆ ಸುಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅಂಗಳದ ತಾಂಡೂರು ಕಲ್ಲಿನ ಪರಸಿ ಎಷ್ಟು ಕಾಯುತ್ತದೆ ಎಂಬುದು ನಿಮ್ಮ ಕಾಲಿಗೇ ಗೊತ್ತು. ಅದರ ಮೇಲೆ ಕುಂಡ ಇಟ್ಟರೆ ಬೇರು ಬೇಯುತ್ತದೆ.

ನಾರಾಯಣಖೇಡ್ ಕಡೆಯ ಎರೆ ಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಅದನ್ನೇ ಕುಂಡಕ್ಕೆ ತುಂಬಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಜಹೀರಾಬಾದ್ ಕಡೆಯ ಕೆಂಪು ಮಣ್ಣಿಗೆ ಮರಳು, ಹಳೇ ತಿಪ್ಪೆಗೊಬ್ಬರ ಬೆರೆಸಿರಿ. ಕುಂಡದ ತಳಕ್ಕೆ ತೂತು ಇರಲಿ. ಬೆರಳನ್ನು ಮಣ್ಣೊಳಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಕೆಳಗಿನ ಎಲೆಗಳು ಪೂರ್ತಿ ಹಳದಿಯಾಗಿ ಮೆತ್ತಗಾದರೆ ಅದು ಗೀರಲ್ಲ, ಹೆಚ್ಚಾಗಿ ನೀರು ಜಾಸ್ತಿಯಾದ ಲಕ್ಷಣ.

ಎರಡು ಎಚ್ಚರಿಕೆ

ಒಂದು, ಬಾಟಲಿಯ ನೀರು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮರಿ ಮಾಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ತಪ್ಪದೆ ನೀರು ಬದಲಿಸಿರಿ. ಮೊಟ್ಟೆಗಳು ಬಾಟಲಿಯ ಒಳಗೋಡೆಗೆ ಅಂಟಿರುತ್ತವೆ, ಒಳಗೂ ಉಜ್ಜಿ ತೊಳೆಯಬೇಕು.

ಎರಡು, ಎಲೆಯನ್ನು ಯಾರೂ ಬಾಯಿಗೆ ಹಾಕಬಾರದು. ಮನಿ ಪ್ಲಾಂಟ್ ನಾವು ಚಾಮಗಡ್ಡೆ ಅನ್ನುವ ಕೆಸುವಿನ ಕುಟುಂಬದ್ದೇ. ಎಲೆಯೊಳಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಅಗಿದರೆ ಬಾಯಿ, ನಾಲಿಗೆ ಉರಿದು ಬಾಯುತ್ತವೆ. ಅಂಬೆಗಾಲಿಡುವ ತಮ್ಮ ತಂಗಿಯರಿಗೆ, ಮನೆಯ ಆಡುಮರಿಗೆ ಎಟುಕದಂತೆ ಮೇಲಿಡಿ.

ಈಗ ನಿಮ್ಮ ಸರದಿ. ಒಂದೇ ಬಳ್ಳಿಯಿಂದ ಗೆಣ್ಣಿರುವ ಎರಡು ತುಂಡು ಕೇಳಿ ತನ್ನಿ. ಒಂದನ್ನು ಬೆಳಕಿನ ಕಿಟಕಿಯಲ್ಲಿ, ಇನ್ನೊಂದನ್ನು ಮಬ್ಬು ಮೂಲೆಯಲ್ಲಿ ಇಡಿ. ಮಣ್ಣು, ನೀರು ಎರಡಕ್ಕೂ ಒಂದೇ ಇರಲಿ. ಎರಡು ತಿಂಗಳು ಹೊಸ ಎಲೆಗಳನ್ನು ಎಣಿಸಿ, ಗೀರುಗಳ ಚಿತ್ರ ಬರೆದು ತರಗತಿಗೆ ತನ್ನಿ.