ಮುಖದ ಮೇಲಿನ ಬಂಗು: ಮನೆಮದ್ದು ಯಾವುದು, ಅಪಾಯ ಯಾವುದು?

ಕನ್ನಡದಲ್ಲಿ ಬಂಗು, ಮರಾಠಿಯಲ್ಲಿ ವಾಂಗ. ಎರಡೂ ಸಂಸ್ಕೃತದ 'ವ್ಯಂಗ' ಎಂಬ ಒಂದೇ ಶಬ್ದದಿಂದ ಬಂದವು. ಸುಶ್ರುತ ಸಂಹಿತೆಯಲ್ಲಿ ಕ್ಷುದ್ರ ರೋಗಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಕ್ಷುದ್ರ ಎಂದರೆ ಸಣ್ಣದು. ಬಂಗಿನಿಂದ ಜೀವಕ್ಕೆ ಅಪಾಯವಿಲ್ಲ, ನಿಜ. ಆದರೆ ಅದನ್ನು ಹೋಗಿಸಲು ಹಚ್ಚಿಕೊಳ್ಳುವ ಕೆಲವು ವಸ್ತುಗಳಿಂದ ಅಪಾಯವಿದೆ. ಈ ಲೇಖನ ಮುಖ್ಯವಾಗಿ ಅದರ ಬಗ್ಗೆ.

ಗಡಹಿಂಗ್ಲಜ ತಾಲೂಕಿನ ನೂಲ, ಹಲಕರ್ಣಿ ಕಡೆಯ ಹಳ್ಳಿಗಳಿರಲಿ, ಇಚಲಕರಂಜಿಯ ಮಗ್ಗದ ಓಣಿಗಳಿರಲಿ, ಎರಡೂ ಗಲ್ಲ, ಹಣೆ, ಮೂಗು ಮತ್ತು ಮೇಲ್ದುಟಿಯ ಮೇಲೆ ಕಂದು ಕಲೆ ಇರುವ ಮುಖಗಳು ಅಪರೂಪವಲ್ಲ. ಹೆಚ್ಚಾಗಿ ಇದು 25ರಿಂದ 45 ವಯಸ್ಸಿನ ಹೆಣ್ಣುಮಕ್ಕಳಿಗೆ ಬರುತ್ತದೆ, ಗಂಡಸರಿಗೂ ಬಾರದೇ ಇಲ್ಲ. ಗಡಿಭಾಗದವರಿಗೆ ಎರಡು ಭಾಷೆ ಬರುವುದರಿಂದ ಸಲಹೆಯೂ ಎರಡು ಕಡೆಯಿಂದ ಬರುತ್ತದೆ. ಮರಾಠಿಯಲ್ಲಿ ಒಬ್ಬರು ಲಿಂಬು ಹಚ್ಚಿ ಎಂದರೆ ಕನ್ನಡದಲ್ಲಿ ಇನ್ನೊಬ್ಬರು ಆಲೂಗಡ್ಡೆ ತಿಕ್ಕಿ ಎನ್ನುತ್ತಾರೆ. ಮೊಬೈಲಿನ ವಿಡಿಯೋಗಳಲ್ಲಂತೂ ಏಳು ದಿನದಲ್ಲಿ ಬಂಗು ಮಾಯ! ಏಳು ದಿನದಲ್ಲಿ ಯಾವ ಬಂಗೂ ಮಾಯವಾಗುವುದಿಲ್ಲ. ಯಾಕೆಂದು ತಿಳಿಯಲು ಚರ್ಮದ ಕೆಲಸವನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಕಲೆ ಹೇಗೆ ಆಗುತ್ತದೆ?

ಚರ್ಮದ ಮೇಲ್ಪದರದ ಕೆಳಭಾಗದಲ್ಲಿ ಬಣ್ಣ ತಯಾರಿಸುವ ಕೋಶಗಳಿವೆ. ಅವು ಮೆಲನಿನ್ ಎಂಬ ಕಪ್ಪು ಬಣ್ಣವನ್ನು ತಯಾರಿಸಿ ಅಕ್ಕಪಕ್ಕದ ಕೋಶಗಳಿಗೆ ಹಂಚುತ್ತವೆ. ಬಿಸಿಲಿನಿಂದ ದೇಹವನ್ನು ಕಾಯುವ ಕೊಡೆ ಇದು. ಬಿಸಿಲು ಹೆಚ್ಚಾದಂತೆ ಬಣ್ಣದ ತಯಾರಿಕೆಯೂ ಹೆಚ್ಚುತ್ತದೆ. ಇದಕ್ಕೆ ಹಾರ್ಮೋನುಗಳು ಸೇರಿಕೊಂಡರೆ ಕೆಲವು ಜಾಗಗಳಲ್ಲಿ ಕೋಶಗಳು ಅತಿಯಾಗಿ ಕೆಲಸ ಮಾಡತೊಡಗುತ್ತವೆ. ಅದಕ್ಕೇ ಬಸುರಿಯರಲ್ಲಿ, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರಲ್ಲಿ ಬಂಗು ಹೆಚ್ಚು. ತಾಯಿಗಿದ್ದರೆ ಮಗಳಿಗೂ ಬರುವ ಸಂಭವವಿದೆ. ಬೆಂಕಿಯ ಕಾವೂ ಇದನ್ನು ಹೆಚ್ಚಿಸುತ್ತದೆ ಎನ್ನುತ್ತಾರೆ ಚರ್ಮವೈದ್ಯರು. ದಿನವೆಲ್ಲ ಗುರ್ಹಾಳದ ಬೆಲ್ಲದ ಕಡಾಯಿ ಮುಂದೆ ನಿಲ್ಲುವವರು, ಕಟ್ಟಿಗೆ ಒಲೆಯ ಮುಂದೆ ರೊಟ್ಟಿ ಬಡಿಯುವವರು ಇದನ್ನು ಗಮನಿಸಬೇಕು.

ಮೇಲ್ಪದರದ ಚರ್ಮ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ಆದ್ದರಿಂದ ಯಾವ ಉಪಾಯ ಮಾಡಿದರೂ ಫಲ ಕಾಣಲು ಕನಿಷ್ಠ ಎರಡು ಮೂರು ತಿಂಗಳು ಬೇಕು. ಬಣ್ಣ ಒಳಪದರಕ್ಕೆ ಇಳಿದಿದ್ದರೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಬಸುರಿಯಲ್ಲಿ ಬಂದ ಬಂಗು ಮಾತ್ರ ಎಷ್ಟೋ ಸಲ ಹೆರಿಗೆಯ ನಂತರ ವರ್ಷದೊಳಗೆ ತಾನಾಗಿಯೇ ತಿಳಿಯಾಗುತ್ತದೆ. ಅದಕ್ಕೆ ಅವಸರ ಬೇಡ.

ಇನ್ನೊಂದು ಮುಖ್ಯ ಮಾತು. ನಮ್ಮಂಥ ಕಂದು ಮೈಬಣ್ಣದವರ ಚರ್ಮಕ್ಕೆ ಒಂದು ಸ್ವಭಾವವಿದೆ: ಎಲ್ಲಿ ಸುಟ್ಟರೂ, ಉಜ್ಜಿದರೂ, ಕೆರೆದರೂ ಅಲ್ಲಿ ಕಪ್ಪು ಉಳಿಯುತ್ತದೆ. ಮೊಡವೆ ಒಡೆದ ಜಾಗ, ಸೊಳ್ಳೆ ಕಚ್ಚಿ ಕೆರೆದ ಜಾಗ ತಿಂಗಳುಗಟ್ಟಲೆ ಕಪ್ಪಾಗಿರುವುದನ್ನು ನೀವೇ ನೋಡಿದ್ದೀರಿ. ಯಾವ ಮನೆಮದ್ದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಅಳೆಯಲು ಇದೇ ಅಳತೆಗೋಲು. ಹಚ್ಚಿದಾಗ ಉರಿಯುತ್ತಿದ್ದರೆ ಅದು ಕಲೆಯನ್ನು ತೆಗೆಯುತ್ತಿಲ್ಲ, ಹೊಸ ಕಲೆಗೆ ದಾರಿ ಮಾಡುತ್ತಿದೆ. 'ಉರಿದರೇ ಕೆಲಸ ಮಾಡ್ತದ' ಎಂಬ ಮಾತು ಮುಖದ ಚರ್ಮಕ್ಕೆ ಖಂಡಿತ ಸಲ್ಲದು.

ಅಡುಗೆಮನೆಯ ಮದ್ದುಗಳು

ಮೊದಲು ಲಿಂಬೆಹಣ್ಣು. ಎಲ್ಲರೂ ಹೇಳುವ ಮದ್ದು ಇದೇ, ಮುಖಕ್ಕೆ ಹೆಚ್ಚು ಕೆಡುಕು ಮಾಡುವುದೂ ಇದೇ. ಲಿಂಬೆರಸ ಬಹಳ ಹುಳಿ, ಚರ್ಮ ಅದನ್ನು ತಡೆಯಲಾರದು. ಅದಲ್ಲದೆ ಲಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೋಕುಮರಿನ್ ಎಂಬ ಅಂಶವಿದೆ. ಅದು ಚರ್ಮಕ್ಕೆ ತಾಗಿ ಮೇಲೆ ಬಿಸಿಲು ಬಿದ್ದರೆ ಚರ್ಮ ಬೆಂದಂತಾಗುತ್ತದೆ, ಒಂದೆರಡು ದಿನದಲ್ಲಿ ಕೆಂಪಾಗಿ ಕೆಲವರಿಗೆ ಗುಳ್ಳೆ ಏಳುತ್ತದೆ, ನಂತರ ಅಚ್ಚು ಒತ್ತಿದಂತೆ ಕಪ್ಪಾಗುತ್ತದೆ. ಬೆಳಿಗ್ಗೆ ಲಿಂಬೆ ತಿಕ್ಕಿಕೊಂಡು ಹೊಲಕ್ಕೆ ಹೋದವರಿಗೆ ಬಂಗು ಕಡಿಮೆಯಾಗುವ ಬದಲು ಹೆಚ್ಚಾದರೆ ಆಶ್ಚರ್ಯವಿಲ್ಲ. ಲಿಂಬೆಯನ್ನು ಸಾರಿಗೆ ಹಿಂಡಿ, ಮುಖಕ್ಕೆ ಬೇಡ.

ಅಡುಗೆ ಸೋಡಾ, ಟೂತ್‌ಪೇಸ್ಟ್, ಹಸಿ ಬೆಳ್ಳುಳ್ಳಿ ಇವೂ ಬೇಡ. ಬೆಳ್ಳುಳ್ಳಿ ಅರೆದು ಕಟ್ಟಿದರೆ ಸುಟ್ಟ ಗಾಯದಂತೆಯೇ ಗಾಯವಾಗುತ್ತದೆ. ನಮ್ಮ ಕಡೆ ಹಿರಿಯರು ಒಡೆದ ಹಿಮ್ಮಡಿಗೆ, ನೋವಿಗೆ ಹಚ್ಚುವ ಬಿಬ್ಬಾ ಅಂದರೆ ಕರಿಗೇರನ್ನು ಮುಖದ ಹತ್ತಿರವೂ ತರಬಾರದು. ಅದರ ಎಣ್ಣೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ.

ಆಲೂಗಡ್ಡೆ, ಟೊಮ್ಯಾಟೊ, ಸೌತೆಕಾಯಿಯಿಂದ ಬಂಗು ಹೋಗುತ್ತದೆ ಎನ್ನಲು ಆಧಾರವಿಲ್ಲ. ಸೌತೆಕಾಯಿ ತಂಪು ಕೊಡುತ್ತದೆ, ಅಷ್ಟೇ. ಕಡಲೆಹಿಟ್ಟು ಸಾಬೂನಿನ ಬದಲು ಮುಖ ತೊಳೆಯಲು ಒಳ್ಳೆಯದು, ಆದರೆ ಒಣಗಿದ ಮೇಲೆ ಗರಗರ ಉಜ್ಜಿ ತೆಗೆಯಬೇಡಿ, ನೀರು ಹಾಕಿ ತೊಳೆಯಿರಿ. ಮುಲ್ತಾನಿ ಮಣ್ಣು ಎಣ್ಣೆ ಮುಖಕ್ಕೆ ಸರಿ, ಒಣ ಚರ್ಮದವರಿಗೆ ಬಿರುಕು ತರುತ್ತದೆ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ಸೌಮ್ಯವಾದದ್ದು, ಹತ್ತು ನಿಮಿಷ ಇಟ್ಟು ತೊಳೆದರೆ ಚರ್ಮ ಮೆದುವಾಗುತ್ತದೆ. ಬಂಗು ಅದರಿಂದ ಹೋಗದು.

ಅರಿಶಿನದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಪಕ್ಕದ ಸಾಂಗಲಿ ಅರಿಶಿನದ ಪೇಟೆ, 2018ರಲ್ಲಿ ಅಲ್ಲಿಯ ಅರಿಶಿನಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಒಳ್ಳೆಯ ಅರಿಶಿನ ಉರಿಯೂತ ಕಡಿಮೆ ಮಾಡುತ್ತದೆ, ಚಿಟಿಕೆಯಷ್ಟನ್ನು ಮೊಸರಿನಲ್ಲಿ ಕಲಸಿ ಹಚ್ಚಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಬಿಡಿಯಾಗಿ ಮಾರುವ ಪುಡಿಗೆ ಮೆಟಾನಿಲ್ ಹಳದಿಯಂಥ ಬಣ್ಣ, ಸೀಸದ ಕ್ರೋಮೇಟ್ ಬೆರೆಸುವುದುಂಟು. ಕೊಂಬು ತಂದು ಮನೆಯಲ್ಲೇ ಕುಟ್ಟಿಕೊಂಡರೆ ಈ ಭಯ ಕಡಿಮೆ. ಕುಂಕುಮದ ವಿಷಯವೂ ಹೀಗೆಯೇ. ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡುವ ಹಳೆಯ ಕುಂಕುಮ ಬೇರೆ, ರಾಸಾಯನಿಕ ಬಣ್ಣದ ಕುಂಕುಮ ಬೇರೆ. ಎರಡನೆಯದರಿಂದ ಕೆಲವರಿಗೆ ಹಣೆಯ ನಡುವೆ ತುರಿಕೆ ಬಂದು ಕಪ್ಪಾಗುತ್ತದೆ. ಅಂಟಿಸುವ ಟಿಕಲಿಯ ಗೋಂದಿನಿಂದ ಕೆಲವರಿಗೆ ಆ ಜಾಗ ಬೆಳ್ಳಗೂ ಆಗುತ್ತದೆ. ಅಂಥವರು ಹಣೆಗೆ ಮದ್ದು ಹುಡುಕುವ ಮೊದಲು ಕುಂಕುಮ, ಟಿಕಲಿ ಬದಲಿಸಿ ನೋಡಬೇಕು. ಕೂದಲಿಗೆ ಹಚ್ಚುವ ಕಪ್ಪು ಬಣ್ಣ, 'ಕಾಳಿ ಮೆಹಂದಿ' ಇವುಗಳಿಂದಲೂ ಹಣೆಯ ಅಂಚು, ಕಿವಿಯ ಪಕ್ಕ ಕಪ್ಪಾಗುವುದುಂಟು.

ಲೋಳೆಸರ (ಮರಾಠಿಯಲ್ಲಿ ಕೋರಫಡ) ಹಚ್ಚುವುದಾದರೆ ಎಲೆ ಕೊಯ್ದು ಹಳದಿ ಸೋನೆ ಪೂರ್ತಿ ಇಳಿಯಲು ಬಿಡಿ, ಒಳಗಿನ ಬಿಳಿ ತಿರುಳು ಮಾತ್ರ ಬಳಸಿ. ಹಳದಿ ಸೋನೆ ತುರಿಕೆ ತರುತ್ತದೆ. ಗಿಡಮೂಲಿಕೆಗಳಲ್ಲಿ ಸ್ವಲ್ಪ ಆಧಾರವಿರುವುದು ಜ್ಯೇಷ್ಠಮಧುವಿಗೆ. ಅದರಿಂದ ತೆಗೆದ ಲಿಕ್ವಿರಿಟಿನ್ ಎಂಬ ಅಂಶದ ಕ್ರೀಮನ್ನು ಈಜಿಪ್ಟಿನ ವೈದ್ಯರು ಬಂಗು ಇದ್ದ 20 ಮಹಿಳೆಯರ ಮುಖದ ಒಂದು ಬದಿಗೆ ಮಾತ್ರ 4 ವಾರ ಹಚ್ಚಿಸಿ, 2000ನೇ ಇಸವಿಯಲ್ಲಿ ಫಲ ಪ್ರಕಟಿಸಿದರು. ಮದ್ದು ಹಚ್ಚಿದ ಬದಿಯಲ್ಲಿ ಕಲೆ ತಿಳಿಯಾಗಿತ್ತು. ಪ್ರಯೋಗ ಸಣ್ಣದು, ಬಳಸಿದ್ದು ಶುದ್ಧ ಮಾಡಿದ ಅಂಶ. ಮನೆಯಲ್ಲಿ ಪುಡಿ ಕಲಸಿ ಹಚ್ಚಿದರೆ ಅಷ್ಟೇ ಗುಣ ಬರುತ್ತದೆ ಎನ್ನಲಾಗದು, ಆದರೆ ಹಚ್ಚಲೇಬೇಕು ಎನ್ನುವವರಿಗೆ ಲಿಂಬೆಗಿಂತ ಇದು ಸಾವಿರ ಪಾಲು ವಾಸಿ. ಯಾವುದನ್ನೇ ಆಗಲಿ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ನೋಡಿ.

ನೆರಳೇ ಮೊದಲ ಮದ್ದು

ದುಡ್ಡಿಲ್ಲದೆ ಸಿಗುವ, ಎಲ್ಲ ವೈದ್ಯರೂ ಒಪ್ಪುವ ಮನೆಮದ್ದು ಒಂದಿದೆ. ಅದು ನೆರಳು. ಇದಿಲ್ಲದೆ ಬೇರೆ ಏನು ಹಚ್ಚಿದರೂ, ಸಾವಿರಾರು ರೂಪಾಯಿಯ ಔಷಧವಾದರೂ, ಬಂಗು ಮರಳಿ ಬರುತ್ತದೆ. ಕಬ್ಬಿನ ಕಳೆ ತೆಗೆಯುವವರಿಗೆ, ಶೇಂಗಾ ಕೀಳುವವರಿಗೆ 'ಬಿಸಿಲಿಗೆ ಹೋಗಬೇಡಿ' ಎಂದರೆ ನಗುತ್ತಾರೆ, ಸರಿಯೇ. ಆದರೆ ಒಂದು ಸುಲಭ ಲೆಕ್ಕ ನೆನಪಿಡಿ: ನಿಮ್ಮ ನೆರಳು ನಿಮಗಿಂತ ಗಿಡ್ಡವಿದ್ದಾಗ ಬಿಸಿಲು ಕಲೆ ಮಾಡುವಷ್ಟು ಖಾರವಾಗಿದೆ. ಆದಷ್ಟು ಕೆಲಸವನ್ನು ಬೆಳಗಿನ ಹೊತ್ತಿಗೆ ಮುಗಿಸಿ, ನಡುಹಗಲು ಮುಖ ಮುಚ್ಚಿಕೊಳ್ಳಿ.

ಮುಚ್ಚುವ ಬಟ್ಟೆಯೂ ಮುಖ್ಯ. ತೆಳು ಬಿಳಿ ಓಢಣಿಯೊಳಗಿಂದ ಬಿಸಿಲು ಸಾಕಷ್ಟು ನುಸುಳುತ್ತದೆ, ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಇನ್ನೂ ಹೆಚ್ಚು. ಒತ್ತಾಗಿ ನೇಯ್ದ, ಗಾಢ ಬಣ್ಣದ ಹತ್ತಿ ಬಟ್ಟೆ ಚೆನ್ನಾಗಿ ತಡೆಯುತ್ತದೆ. ಅಂಥ ಬಟ್ಟೆಗೆ ಇಚಲಕರಂಜಿಯಲ್ಲಿ ಬರವೇನಿಲ್ಲ. ಗಾಡಿಯ ಮೇಲೆ ಹೋಗುವವರು ಸ್ಕಾರ್ಫ್ ಕಟ್ಟುತ್ತಾರೆ, ಆದರೆ ಹಣೆ, ಕಣ್ಣ ಕೆಳಗಿನ ಗಲ್ಲ ತೆರೆದೇ ಇರುತ್ತದೆ. ಬಂಗು ಬರುವುದು ಅಲ್ಲೇ!

ಸನ್‌ಸ್ಕ್ರೀನ್ ಕೊಳ್ಳಲು ಆಗುವವರು ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನದು ತೆಗೆದುಕೊಳ್ಳಿ. ಎರಡು ಬೆರಳುದ್ದದಷ್ಟು ಮುಖ, ಕುತ್ತಿಗೆಗೆ ಬೇಕು, ಎರಡು ಮೂರು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುವುದರಿಂದ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಬಂಗಿಗೆ ಹೆಚ್ಚು ಉಪಯೋಗ. ಹೊಲದ ಕೆಲಸದವರಿಗೆ ಮಾತ್ರ ಬಟ್ಟೆಯೇ ಲೇಸು. ಬೆವರಿನಲ್ಲಿ ಯಾವ ಕ್ರೀಮೂ ನಿಲ್ಲುವುದಿಲ್ಲ. ರಾತ್ರಿ ಮುಖ ತೊಳೆದು ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದರೆ ಚರ್ಮ ಒಡೆಯುವುದಿಲ್ಲ, ಮೊಡವೆ ಇರುವವರು ಬಿಡಿ.

ಹೆಸರಿಲ್ಲದ ಡಬ್ಬಿ

ಮನೆಮದ್ದಿಗೆ ಬೇಸತ್ತವರು ಮುಂದೆ ಹಿಡಿಯುವ ದಾರಿ ಪಾರ್ಲರಿನ ಅಥವಾ ಸಂತೆಯ ಕ್ರೀಮ್. 'ನ್ಯಾಚುರಲ್', 'ಆಯುರ್ವೇದಿಕ್', 'ಹರ್ಬಲ್' ಎಂದು ಬರೆದಿರುತ್ತದೆ, ಇಲ್ಲವೇ ಏನೂ ಬರೆದಿರುವುದಿಲ್ಲ. ಹದಿನೈದು ದಿನದಲ್ಲಿ ಮುಖ ಬೆಳ್ಳಗಾಗುತ್ತದೆ. ಅಷ್ಟು ಬೇಗ ಆದರೆ ಅನುಮಾನಪಡಿ.

ನಮ್ಮದೇ ರಾಜ್ಯದ ಅಕೋಲಾದಲ್ಲಿ ಒಬ್ಬ ವಿದ್ಯಾರ್ಥಿನಿ ಸ್ಥಳೀಯ ಬ್ಯೂಟಿಷಿಯನ್ ಹತ್ತಿರ ಇಂಥ ಕ್ರೀಮ್ ಕೊಂಡಳು. ಮುಖ ಬೆಳ್ಳಗಾದದ್ದು ನೋಡಿ ತಾಯಿ, ತಂಗಿಯೂ ಹಚ್ಚಿಕೊಂಡರು. 2022ರಲ್ಲಿ ಮೂವರಿಗೂ ಮೂತ್ರಪಿಂಡದ ತೊಂದರೆ ಶುರುವಾಯಿತು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಕ್ರೀಮಿನಲ್ಲಿ ಪಾದರಸ ಪತ್ತೆಯಾಯಿತು. ಇದು 2023ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂತು. ಕೇರಳದ ಕೋಟ್ಟಕ್ಕಲ್‌ನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡ ರೋಗದ 22 ಜನರನ್ನು ಪರಿಶೀಲಿಸಿದರು. ಅವರಲ್ಲಿ 15 ಜನರ ರೋಗ ಅಪರೂಪದ ಒಂದೇ ಬಗೆಯದು, ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮ್ ಬಳಸಿದ್ದರು. ಸಮಾಧಾನದ ಸಂಗತಿಯೆಂದರೆ ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಪಾದರಸ ಬಣ್ಣದ ತಯಾರಿಕೆಯನ್ನು ತಡೆಯುತ್ತದೆ, ಅದಕ್ಕೇ ಮುಖ ಬೆಳ್ಳಗಾಗುವುದು. ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ, ಬಸುರಿಯ ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡುತ್ತದೆ. ಒಂದೇ ಟವೆಲ್ ಬಳಸುವ ಮನೆಮಂದಿಗೂ ತಾಗುತ್ತದೆ. ತಯಾರಕರ ವಿಳಾಸ, ಬ್ಯಾಚ್ ನಂಬರು ಇಲ್ಲದ ಡಬ್ಬಿ ಕೊಳ್ಳಬೇಡಿ. ಡಬ್ಬಿಯ ಮೇಲೆ 'ಕ್ಯಾಲೊಮೆಲ್', 'ಮರ್ಕ್ಯುರಿ' ಎಂಬ ಹೆಸರಿದ್ದರೆ, ಅಥವಾ ಬಂಗಾರ, ಬೆಳ್ಳಿ ಆಭರಣಕ್ಕೆ ತಾಗಿಸಬೇಡಿ ಎಂದು ಬರೆದಿದ್ದರೆ ಅದನ್ನು ಮುಟ್ಟಬೇಡಿ. ಬಳಸಿದವರಿಗೆ ಕಾಲು, ಕಣ್ಣ ಸುತ್ತ ಬಾವು, ನೊರೆನೊರೆ ಮೂತ್ರ ಕಂಡರೆ ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಿ.

ಎರಡನೆಯ ಅಪಾಯ ಮೆಡಿಕಲ್ ಅಂಗಡಿಯದೇ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇರುವ ಟ್ಯೂಬುಗಳು ಸ್ಟಿರಾಯ್ಡ್. ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಬಿಸಿಲಿಗೆ ಹೋದರೆ ಉರಿ, ಕೆಂಪು, ಮೊಡವೆ, ಗಲ್ಲದ ಮೇಲೆ ಕೂದಲು. ನಿಲ್ಲಿಸಿದರೆ ಮುಖ ಕೆರಳುತ್ತದೆ, ಅದಕ್ಕೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ ಹಚ್ಚುವ 14 ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಆದೇಶಿಸಿತು. ಅಕ್ಕ ಹಚ್ಚಿದ ಟ್ಯೂಬನ್ನು ತಂಗಿ, ತಂಗಿಯದನ್ನು ವೈನಿ ಹಚ್ಚುವ ಮನೆಗೆ ಆ ಆದೇಶ ಮುಟ್ಟುವುದಿಲ್ಲ.

ಯಾವಾಗ ವೈದ್ಯರ ಹತ್ತಿರ?

ಎಲ್ಲ ಕಪ್ಪೂ ಬಂಗಲ್ಲ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪ ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗದು. ಸಕ್ಕರೆ ಕಾಯಿಲೆ ಬರುವ ಸೂಚನೆ ಇರಬಹುದು, ರಕ್ತದ ಸಕ್ಕರೆ ನೋಡಿಸಿ. ಬೆನ್ನು, ತೋಳು ಕಪ್ಪಾಗಿದ್ದರೆ ನೈಲಾನ್ ಬ್ರಶ್, ಕಲ್ಲಿನಿಂದ ತಿಕ್ಕುವುದನ್ನು ಬಿಟ್ಟು ನೋಡಿ. ಬೆರಳ ಗೆಣ್ಣು ಕಪ್ಪಾಗಿ ಸುಸ್ತು ಇದ್ದರೆ ಬಿ12 ಕೊರತೆ ಇರಬಹುದು. ತಿಳಿ ಬಣ್ಣದ ಮಚ್ಚೆಯಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠವೇ ಎಂದು ತಪಾಸಣೆ ಮಾಡಿಸಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ.

ಬಂಗಿಗೆ ಒಳ್ಳೆಯ ಔಷಧಗಳಿವೆ. ಅಜೆಲಿಕ್ ಆಮ್ಲ, ಸ್ವಲ್ಪ ಕಾಲ ಮಾತ್ರ ಹೈಡ್ರೋಕ್ವಿನೋನ್, ಕೆಲವರಿಗೆ ಟ್ರಾನೆಕ್ಸಾಮಿಕ್ ಆಮ್ಲದ ಗುಳಿಗೆ. ಈ ಗುಳಿಗೆ ರಕ್ತ ಹೆಪ್ಪುಗಟ್ಟಿಸುವ ಗುಣದ್ದು, ಆದ್ದರಿಂದ ವೈದ್ಯರು ವಿಚಾರಿಸಿಯೇ ಕೊಡಬೇಕು. ಗರ್ಭನಿರೋಧಕ ಗುಳಿಗೆಯಿಂದ ಬಂಗು ಬಂದಿದ್ದರೆ ನೀವಾಗಿ ನಿಲ್ಲಿಸಬೇಡಿ, ಹಾರ್ಮೋನ್ ಇಲ್ಲದ ಕಾಪರ್-ಟಿ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಗಡಹಿಂಗ್ಲಜದವರು ಉಪಜಿಲ್ಲಾ ಆಸ್ಪತ್ರೆ, ಇಚಲಕರಂಜಿಯವರು ಐಜಿಎಂ ಆಸ್ಪತ್ರೆಗೆ ಮೊದಲು ಹೋಗಿ, ಅಲ್ಲಿಂದ ಕೊಲ್ಲಾಪುರದ ಸಿಪಿಆರ್ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಬಹುದು. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬು, ಡಬ್ಬಿ ಎಲ್ಲವನ್ನೂ, ಖಾಲಿಯಾಗಿದ್ದರೂ, ಚೀಲದಲ್ಲಿ ಹಾಕಿಕೊಂಡು ಹೋಗಿ.